ಪಟ್ಟಣದ ಕಮಾನು, ಮದ್ರಾಸಿನ ಗುಮ್ಮಟ: ಒಂದು ಹಳೇ ಸ್ಕಾಟಿಷ್ ಚರ್ಚಿನ ಪ್ರಕರಣ

ಮೈಸೂರಿನ ನಮ್ಮ ಹಳೇ ಮನೆಯ ನಡುಮನೆಗೆ ಮದ್ರಾಸ್ ತಾರಸಿ, ಅಂದರೆ ಮರದ ಜಂತೆಯ ಮೇಲೆ ಇಟ್ಟಿಗೆ ಗಾರೆಯ ಸೂರು. ಹೋದ ಮಳೆಗಾಲದಲ್ಲಿ ಅದರ ಎರಡು ಜಂತೆಗೆ ಗೆದ್ದಲು ಹತ್ತಿತು. ನೋಡಲು ಬಂದ ಗಾರೆ ಮೇಸ್ತ್ರಿ ಶ್ರೀರಂಗಪಟ್ಟಣದ ಕಡೆಯವರು, ಎಪ್ಪತ್ತು ದಾಟಿದವರು. ಏಣಿ ಹತ್ತಿ ಉಳಿಯ ಹಿಡಿಯಿಂದ ಜಂತೆಗೆ ಎರಡು ಸಲ ತಟ್ಟಿದರು. ಟೊಳ್ಳು ಸದ್ದು ಬಂತು.

"ಮರ ಇದ್ ಮ್ಯಾಲೆ ಗೆದ್ಲು ಇದ್ದಿದ್ದೇ ಸಾ. ಮರಾನೇ ಇಲ್ದಂಗೆ ಕಟ್ಬೇಕಿತ್ತು" ಅಂದರು.

"ಮರ ಇಲ್ಲದೆ ಇಷ್ಟಗಲದ ಸೂರು ಹೇಗೆ ನಿಲ್ಲುತ್ತೆ ಮೇಸ್ತ್ರಿ?"

"ನಮ್ ಪಟ್ಟಣದಾಗೆ ಒಬ್ಬ ದೊರೆ ಬರೀ ಇಟ್ಗೇಲಿ ನೂರಡಿ ಕಮಾನು ಕಟ್ಟಿದ್ನಂತಲ್ಲ ಸಾ. ನಮ್ಮಪ್ಪ ಹುಡ್ಗಾಗಿದ್ದಾಗ ನೋಡವ್ರೆ. ಮ್ಯಾಲ್ ನಿಂತು ಕುಣಿದ್ರೆ ಉಯ್ಯಾಲೆ ಅದುರಿದಂಗೆ ಅದುರ್ತಿತ್ತಂತೆ."

ಆ ದೊರೆಯ ಹೆಸರು ಥಾಮಸ್ ಫಿಯೊಟ್ ಡಿ ಹ್ಯಾವಿಲೆಂಡ್. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಎಂಜಿನಿಯರ್ಸ್ ಪಡೆಯವನು. ಇಂಗ್ಲಿಷ್ ಕಾಲುವೆಯ ಗರ್ನ್ಸಿ ದ್ವೀಪದವನು, ಹುಟ್ಟಿದ್ದು 1775ರಲ್ಲಿ. ಪಟ್ಟಣದಲ್ಲಿ, ಅಂದರೆ ಶ್ರೀರಂಗಪಟ್ಟಣದಲ್ಲಿ, ಕಮಾನು ಕಟ್ಟಿ ಹತ್ತು ವರ್ಷವಾದ ಮೇಲೆ ಇದೇ ಮನುಷ್ಯ ಮದ್ರಾಸಿನ ಎಗ್ಮೋರ್‌ನಲ್ಲಿ ಸ್ಕಾಟ್ಲೆಂಡಿನವರಿಗಾಗಿ ಒಂದು ಚರ್ಚು ಕಟ್ಟಿದ. ಅದೇ ಸೇಂಟ್ ಆಂಡ್ರೂಸ್, ಜನರ ಬಾಯಲ್ಲಿ 'ದಿ ಕರ್ಕ್'. ಮರದ ಸೂರಿಲ್ಲದ ಚರ್ಚು ಅದು.

ಚೆನ್ನೈಗೆ ಹೋದಾಗ ಎಗ್ಮೋರ್ ಸ್ಟೇಷನ್ನಿಂದ ನಡೆದೇ ಹೋಗಿ ಆ ಚರ್ಚನ್ನು ನೋಡಿ ಬಂದಿದ್ದೆ. ಆಗ ಅದು ನನಗೆ ಒಂದು ಚೆಂದದ ಬಿಳಿ ಕಟ್ಟಡ, ಅಷ್ಟೇ. ಮೇಸ್ತ್ರಿಯ ಮಾತು ಕೇಳಿದ ಮೇಲೆ ಆ ಗುಮ್ಮಟದ ಬೇರು ನಮ್ಮ ಕಾವೇರಿ ದಂಡೆಯಲ್ಲೇ ಇದೆಯಲ್ಲ ಅನ್ನಿಸತೊಡಗಿತು.

ಪಟ್ಟಣದಲ್ಲಿ ನಡೆದದ್ದು

1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣ ಕಂಪನಿಯ ದಂಡಿನ ಊರಾಯಿತು. ದಂಡಿಗೆ ರಸ್ತೆ ಬೇಕು, ನದಿ ದಾಟಲು ಸೇತುವೆ ಬೇಕು. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ವೆಲ್ಲೆಸ್ಲಿ ಸೇತುವೆ ಆಯಿತು. ಅದನ್ನು ನೋಡಿದವರಿಗೆ ಗೊತ್ತು, ಅದರಲ್ಲಿ ಕಮಾನಿನ ಮಾತೇ ಇಲ್ಲ. ಕಲ್ಲಿನ ಕಂಬ, ಕಂಬದ ಮೇಲೆ ಕಲ್ಲಿನ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ನಮ್ಮ ದೇವಸ್ಥಾನದ ಮಂಟಪವನ್ನೇ ನದಿಗೆ ಅಡ್ಡಲಾಗಿ ಎಳೆದು ನಿಲ್ಲಿಸಿದ ಹಾಗೆ. ಕಲ್ಲಿನ ತೊಲೆ ಉದ್ದವಾದರೆ ತನ್ನ ತೂಕಕ್ಕೇ ನಡುವೆ ಬಿರಿಯುತ್ತದೆ. ಹಾಗಾಗಿ ಕಂಬಗಳು ಒತ್ತೊತ್ತಾಗಿ ಇರಲೇಬೇಕು.

ಡಿ ಹ್ಯಾವಿಲೆಂಡ್ ಇದಕ್ಕೆ ತೀರಾ ವಿರುದ್ಧವಾದ ಪ್ರಸ್ತಾಪ ಇಟ್ಟ. ಕೆಲವೇ ಕೆಲವು ಕಮಾನು, ಒಂದೊಂದೂ ನೂರಡಿಗಿಂತ ಅಗಲ, ಅದೂ ಇಟ್ಟಿಗೆಯಲ್ಲಿ. ಮೇಲಿನವರು ನಂಬಲಿಲ್ಲ. ಆಗ ಅವನು ವಾದ ಮಾಡುತ್ತ ಕೂರಲಿಲ್ಲ. 1808ರಲ್ಲಿ ಕೋಟೆಯೊಳಗಿನ ತನ್ನ ಮನೆಯ ತೋಟದಲ್ಲೇ ಅಂಥ ಒಂದು ಕಮಾನು ಕಟ್ಟಿ ತೋರಿಸಿದ. ಸುಮಾರು 110 ಅಡಿ ಅಗಲ. ಎತ್ತರ ಮಾತ್ರ 12 ಅಡಿಯ ಆಸುಪಾಸು. ಬಾಗಿಲ ಮೇಲಿನ ಕಮಾನಿನಂತೆ ಗುಂಡಗಿರಲಿಲ್ಲ, ಬಿಲ್ಲನ್ನು ಸ್ವಲ್ಪ ಬಗ್ಗಿಸಿಟ್ಟ ಹಾಗಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಯಾಕೆಂದರೆ ಇಡೀ ಪ್ರಕರಣ ನಿಂತಿರುವುದೇ ಇದರ ಮೇಲೆ. ಕಮಾನು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಎರಡೂ ತುದಿಯಲ್ಲಿ ಹೊರಕ್ಕೂ ತಳ್ಳುತ್ತದೆ. ಇಬ್ಬರು ಅಂಗೈಗೆ ಅಂಗೈ ಕೊಟ್ಟು ಒಬ್ಬರ ಮೇಲೊಬ್ಬರು ವಾಲಿ ನಿಂತರೆ ಕಾಲು ಹಿಂದಕ್ಕೆ ಜಾರುತ್ತದಲ್ವಾ, ಅದೇ ತಳ್ಳು. ಅಗಲ, ಎತ್ತರ, ತೂಕ ಈ ಮೂರರಲ್ಲೇ ಅದರ ಅಂದಾಜು ಸಿಗುತ್ತದೆ. ಅರ್ಧ ಚಕ್ರದಷ್ಟು ಎತ್ತರದ ಕಮಾನಾದರೆ ಅಡ್ಡ ತಳ್ಳು ಅದರ ತೂಕದ ಕಾಲುಭಾಗದ ಸುಮಾರು. ಪಟ್ಟಣದ ಕಮಾನಿನ ಹಾಗೆ ಅಗಲ ಎತ್ತರದ ಒಂಬತ್ತರಷ್ಟಾದರೆ ತಳ್ಳು ಪೂರ್ತಿ ತೂಕವನ್ನೇ ಮೀರುತ್ತದೆ. ಕಮಾನು 100 ಟನ್ ತೂಗಿದರೆ ಒಂದೊಂದು ತುದಿಯೂ 110 ಟನ್‌ಗಿಂತ ಜಾಸ್ತಿ ಬಲದಿಂದ ಹೊರಕ್ಕೆ ನೂಕುತ್ತಿರುತ್ತದೆ. ಹಗಲು ರಾತ್ರಿ, ಮಳೆ ಬಿಸಿಲು, ಬಿಡುವೇ ಇಲ್ಲ. ತುದಿಯ ಗೋಡೆ ಒಂದು ಬೆರಳಷ್ಟು ಸರಿದರೂ ನಡುನೆತ್ತಿ ಇಳಿಯುತ್ತದೆ. ಇಳಿದರೆ ತಳ್ಳು ಇನ್ನೂ ಏರುತ್ತದೆ.

ಅಂಥ ಕಮಾನು ನೂರಾ ಇಪ್ಪತ್ತೈದು ವರ್ಷಕ್ಕೂ ಮೀರಿ ನಿಂತಿತು. 1930ರ ದಶಕದ ನಡುವಿನಲ್ಲಿ ಕುಸಿಯಿತು. ಸೇತುವೆ ಮಾತ್ರ ಆಗಲೇ ಇಲ್ಲ. ಕಟ್ಟಿದವನ ವಾದ ಗೆದ್ದಿತೋ ಸೋತಿತೋ ಅಂತ ಕೇಳಿದರೆ ನಾನು ಗೆದ್ದಿತು ಅಂತಲೇ ಹೇಳುತ್ತೇನೆ. ತೋಟದಲ್ಲಿ ಪ್ರಯೋಗಕ್ಕೆ ಕಟ್ಟಿದ್ದು ನಾಲ್ಕೈದು ತಲೆಮಾರು ನಿಂತಿತಲ್ಲ, ಇನ್ನೇನು ಬೇಕು?

ಮೈಸೂರಿನಲ್ಲೂ ಅವನ ಕೈಕೆಲಸ ಇದೆ. 1805ರಲ್ಲಿ ರೆಸಿಡೆಂಟ್, ಅಂದರೆ ಮೈಸೂರಿನಲ್ಲಿದ್ದ ಕಂಪನಿಯ ಪ್ರತಿನಿಧಿ, ಮಾರ್ಕ್ ವಿಲ್ಕ್ಸ್ ಕಟ್ಟಿಸಿದ ರೆಸಿಡೆನ್ಸಿಗೆ, ಅಂದರೆ ಈಗಿನ ಗವರ್ನಮೆಂಟ್ ಹೌಸಿಗೆ, ಹಿಂಬದಿಯ ದೊಡ್ಡ ಹಾಲನ್ನು ಸೇರಿಸಿದವನು ಇವನೇ. ನಡುವೆ ಒಂದೂ ಕಂಬ ಇಲ್ಲದ ಹಾಲು. ದಕ್ಷಿಣ ಭಾರತದಲ್ಲೇ ಅಂಥ ದೊಡ್ಡ ಕೋಣೆಗಳಲ್ಲಿ ಇದೂ ಒಂದು ಅನ್ನುವ ಹೆಸರು ಆಗಲೇ ಇತ್ತು. ಕಂಬ ಕಂಡರೆ ಆಗದ ವಯಸ್ಸು ಅಂತ ಕಾಣುತ್ತದೆ.

1809ರಲ್ಲಿ ಮದ್ರಾಸ್ ಸೈನ್ಯದ ಬಿಳಿಯ ಅಧಿಕಾರಿಗಳೇ ಗವರ್ನರ್ ಬಾರ್ಲೋ ವಿರುದ್ಧ ದಂಗೆ ಎದ್ದರು. ಶ್ರೀರಂಗಪಟ್ಟಣದ ಕೋಟೆ ದಂಗೆಯವರ ಕೈಲಿತ್ತು. ಡಿ ಹ್ಯಾವಿಲೆಂಡ್ ಅದರಲ್ಲಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡು ಊರಿಗೆ ಹೋದ. 1812ರಲ್ಲಿ ಕಂಪನಿ ವಾಪಸ್ ಸೇರಿಸಿಕೊಂಡಿತು. ಈ ಸಲ ಅವನಿಗೆ ಸಿಕ್ಕಿದ್ದು ಮದ್ರಾಸ್ ನಗರದ ಕಟ್ಟಡಗಳ ಕೆಲಸ.

ಸ್ಕಾಟ್ಲೆಂಡಿನವರ ಬೇಡಿಕೆ

ಮೈಸೂರಿನವರಿಗೆ ಚರ್ಚು ಅಂದರೆ ಮೊದಲು ಕಣ್ಣಿಗೆ ಬರುವುದು ಸೇಂಟ್ ಫಿಲೋಮಿನಾ. ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಹಾಕಿದ್ದು, ಗಾಥಿಕ್ ಶೈಲಿಯದು. ಉದ್ದನೆಯ ಒಳಾಂಗಣ, ದೂರದ ತುದಿಯಲ್ಲಿ ಬಲಿಪೀಠ. ಕಾಲಿಟ್ಟ ಕೂಡಲೇ ಕಣ್ಣು ಆ ತುದಿಗೇ ಹೋಗುತ್ತದೆ. ಪ್ರೆಸ್ಬಿಟೇರಿಯನ್ ಚರ್ಚಿನ ಲೆಕ್ಕವೇ ಬೇರೆ. ಸ್ಕಾಟ್ಲೆಂಡಿನಲ್ಲಿ 16ನೇ ಶತಮಾನದಲ್ಲಿ ಜಾನ್ ನಾಕ್ಸ್ ಮೊದಲಾದವರ ಸುಧಾರಣೆಯಿಂದ ಬಂದ ಪಂಗಡ ಅದು. ಅಲ್ಲಿ ಬಿಷಪ್ ಇಲ್ಲ. ಸಭೆಯನ್ನು ನಡೆಸುವವರು ಹಿರಿಯರು. 'ಪ್ರೆಸ್ಬಿಟರ್' ಅಂದರೆ ಗ್ರೀಕಿನಲ್ಲಿ ಹಿರಿಯ ಅಂತಲೇ ಅರ್ಥ. ನಮ್ಮ ಊರ ಪಂಚಾಯ್ತಿ ಕಟ್ಟೆ ನೆನಪಾದರೆ ತಪ್ಪೇನಿಲ್ಲ. ಪೂಜೆಯ ನಡುಭಾಗ ಅಂದರೆ ಬೈಬಲ್ ಓದು ಮತ್ತು ಪ್ರಸಂಗ, ಅಂದರೆ ಪಾದ್ರಿಯ ಉಪದೇಶ. ಕಿವಿಗೆ ಕೇಳಬೇಕು, ಅದು ಮುಖ್ಯ. ಹಾಗಾಗಿ ಉದ್ದನೆಯ ಕಟ್ಟಡಕ್ಕಿಂತ ಎಲ್ಲರೂ ಪ್ರಸಂಗ ಪೀಠದ ಹತ್ತಿರ ಕೂರುವ ಕಟ್ಟಡ ಅವರಿಗೆ ಒಪ್ಪುತ್ತದೆ. 'ಕರ್ಕ್' ಅನ್ನುವುದು ಸ್ಕಾಟರ ಮಾತಿನಲ್ಲಿ ಚರ್ಚು. ಸೇಂಟ್ ಆಂಡ್ರೂ ಅವರ ನಾಡಿನ ಸಂತ.

ಕಂಪನಿಯಲ್ಲಿ ಸ್ಕಾಟರಿಗೆ ಲೆಕ್ಕವಿಲ್ಲ. 1799ರಲ್ಲಿ ಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಿದ್ದ ಡೇವಿಡ್ ಬೇರ್ಡ್ ಸ್ಕಾಟ್. ಆಮೇಲೆ ಮೈಸೂರಿನ ವ್ಯವಹಾರ ನೋಡಿಕೊಂಡ ಥಾಮಸ್ ಮನ್ರೋ, ಜಾನ್ ಮಾಲ್ಕಮ್ ಕೂಡ ಸ್ಕಾಟರು. ಇಷ್ಟು ಜನ ಇದ್ದರೂ ಸರ್ಕಾರಿ ಖರ್ಚಿನ ಚರ್ಚು ಇದ್ದದ್ದು ಇಂಗ್ಲೆಂಡಿನ ಆಂಗ್ಲಿಕನ್ನರಿಗೆ ಮಾತ್ರ. 1813ರಲ್ಲಿ ಕಂಪನಿಯ ಸನ್ನದು ನವೀಕರಣವಾದ ಮೇಲೆ ಈ ಗೋಳಿಗೆ ಬೆಲೆ ಬಂತು. ಕಲ್ಕತ್ತಾ, ಬೊಂಬಾಯಿ, ಮದ್ರಾಸು, ಮೂರೂ ಕಡೆ ಸ್ಕಾಟಿಷ್ ಪಾದ್ರಿ ಬಂದರು, ಮೂರೂ ಕಡೆ ಸೇಂಟ್ ಆಂಡ್ರೂಸ್ ಹೆಸರಿನ ಚರ್ಚು ಎದ್ದಿತು. ಆಂಗ್ಲಿಕನ್ ಬಿಷಪ್‌ಗೆ ಇದು ಹಿಡಿಸಲಿಲ್ಲ, ಅದರಲ್ಲೂ ಚೂಪು ಗೋಪುರ ಕಟ್ಟಿದ್ದು. ಕಲ್ಕತ್ತಾದ ಸ್ಕಾಟಿಷ್ ಪಾದ್ರಿ ಬ್ರೈಸ್ ಹಟಕ್ಕೆ ಬಿದ್ದು, ಗೋಪುರದ ತುದಿಗೆ ಒಂದು ಹುಂಜ ಕೂರಿಸಿ ಬಿಷಪ್ಪರ ತಲೆ ಮೇಲೆ ಕೂಗಿಸುತ್ತೇನೆ ಅಂದನೆಂದು ಕಥೆ. ದೇವರ ಮನೆ ಕಟ್ಟುವಾಗಲೂ ದಾಯಾದಿ ಜಗಳ ತಪ್ಪಲಿಲ್ಲ ನೋಡಿ.

ಮದ್ರಾಸಿನ ಕೆಲಸ ಡಿ ಹ್ಯಾವಿಲೆಂಡನ ಪಾಲಿಗೆ ಬಂತು. ಅವನ ಮೇಲಧಿಕಾರಿ ಜೇಮ್ಸ್ ಕಾಲ್ಡ್‌ವೆಲ್ ಕೂಡ ಪಟ್ಟಣ ಕಂಡವನೇ, 1799ರ ಮುತ್ತಿಗೆಯಲ್ಲಿ ಗಾಯಗೊಂಡವನು. ಆಂಗ್ಲಿಕನ್ನರ ಸೇಂಟ್ ಜಾರ್ಜ್ ಕೆಥೆಡ್ರಲನ್ನು ಇಬ್ಬರೂ ಸೇರಿ ಆಗಷ್ಟೇ ಮುಗಿಸಿದ್ದರು. 1818ರ ಏಪ್ರಿಲ್ 6ರಂದು ಕರ್ಕ್‌ಗೆ ಅಡಿಗಲ್ಲು ಬಿತ್ತು. ಅದೇ 1818ರಲ್ಲಿ ಡಿ ಹ್ಯಾವಿಲೆಂಡನ ಹೆಂಡತಿ ತೀರಿಹೋದಳು. ಅವನೇ ಕಟ್ಟಿದ ಕೆಥೆಡ್ರಲಿನ ಸ್ಮಶಾನದಲ್ಲಿ ಮೊದಲ ಗೋರಿ ಅವಳದು.

ನೆಲ, ಗೆದ್ದಲು, ಗುಮ್ಮಟ

ಮೊದಲ ಕಷ್ಟ ನೆಲದ್ದು. ಪಟ್ಟಣದಲ್ಲಿ ಸ್ವಲ್ಪ ಅಗೆದರೆ ಬಂಡೆ ಸಿಗುತ್ತದೆ. ಎಗ್ಮೋರ್‌ನಲ್ಲಿ ಮೆತ್ತನೆ ಮಣ್ಣು, ಬೇಗ ನೀರು. ಅಂಥ ಕಡೆ ಭಾರದ ಗೋಡೆ ಎಬ್ಬಿಸಿದರೆ ಒಂದು ಕಡೆ ಇಳಿದು ಬಿರುಕು ಬಿಡುವುದು ಖಂಡಿತ. ಡಿ ಹ್ಯಾವಿಲೆಂಡ್ ಇದಕ್ಕೆ ಊರಿನವರ ಉಪಾಯವನ್ನೇ ಹಿಡಿದ. ಮಂಡ್ಯದ ರೈತರಿಗೆ ಬಾವಿಗೆ ಬಳೆ ಇಳಿಸುವುದು ಗೊತ್ತೇ ಇದೆ. ಬಳೆಯೊಳಗೆ ಕೂತು ಮಣ್ಣು ತೋಡುತ್ತ ಹೋದರೆ ಬಳೆ ತನ್ನ ಭಾರಕ್ಕೇ ಇಳಿಯುತ್ತದೆ, ಮೇಲೆ ಇನ್ನೊಂದು ಬಳೆ ಕೂರಿಸುವುದು. ಅದೇ ರೀತಿ ಇಟ್ಟಿಗೆ ಮತ್ತು ಸುಟ್ಟ ಮಣ್ಣಿನ ಬಾವಿಗಳನ್ನು ಇಳಿಸಿ, ತುಂಬಿ, ಅವುಗಳ ತಲೆಯ ಮೇಲೆ ಚರ್ಚಿನ ಬುನಾದಿ ಕೂರಿಸಿದ. ಸುಮಾರು 150 ಬಾವಿ. ಆಳ ಎಲ್ಲ ಕಡೆ ಒಂದೇ ಅಲ್ಲ, 14 ಅಡಿಯಿಂದ 50 ಅಡಿವರೆಗೆ, ಗಟ್ಟಿ ನೆಲ ಸಿಕ್ಕಷ್ಟು. ಇಂಗ್ಲೆಂಡಿನ ನಕ್ಷೆಯ ಚರ್ಚು ನಿಂತಿರುವುದು ದಕ್ಷಿಣದ ಬಾವಿ ತೋಡುವವರ ವಿದ್ಯೆಯ ಮೇಲೆ.

ನಕ್ಷೆ ಇಂಗ್ಲೆಂಡಿನದು ಅಂದೆ. ಲಂಡನ್ನಿನ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಚರ್ಚು, ಜೇಮ್ಸ್ ಗಿಬ್ಸ್ 1720ರ ದಶಕದಲ್ಲಿ ಕಟ್ಟಿದ್ದು, ಆ ಕಾಲದಲ್ಲಿ ಎಲ್ಲರಿಗೂ ಮಾದರಿ. ಮುಂದೆ ದೊಡ್ಡ ಕಂಬಸಾಲು, ಅದರ ಹಿಂದಿನಿಂದ ಎದ್ದ ಚೂಪು ಗೋಪುರ. ಕರ್ಕ್‌ನ ಮುಖ ಹಾಗೇ ಇದೆ. ಎರಡು ಸಾಲು ಗ್ರೀಕ್ ಶೈಲಿಯ ಅಯೋನಿಕ್ ಕಂಬ, ಎರಡು ಬದಿಗೆ ಸಿಂಹ. ಆದರೆ ಒಳಗೆ ಹೋದರೆ ಚೌಕವಲ್ಲ, ಗುಂಡು. ಗಿಬ್ಸ್ ಕೂಡ ಮೊದಲು ಗುಂಡನೆಯ ಯೋಜನೆಯನ್ನೇ ಕೊಟ್ಟಿದ್ದ. ಖರ್ಚು ಜಾಸ್ತಿ ಅಂತ ಲಂಡನ್ನಿನವರು ಬೇಡ ಅಂದಿದ್ದರು. ಲಂಡನ್ ಬೇಡ ಅಂದದ್ದು ನೂರು ವರ್ಷದ ನಂತರ ಮದ್ರಾಸಿನಲ್ಲಿ ಎದ್ದು ನಿಂತಿತು ಅಂದುಕೊಂಡರೆ ನನಗೆ ಯಾಕೋ ಖುಷಿ.

ಇನ್ನು ಸೂರು. ಆ ಕಾಲದ ರೂಢಿ ಅಂದರೆ ನಮ್ಮ ಮನೆಯದೇ, ಮದ್ರಾಸ್ ತಾರಸಿ. ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸಣ್ಣ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆ. ಬೇಸಿಗೆಗೆ ತಂಪು, ಮಾಡಲು ಸುಲಭ. ಆದರೆ ಗೆದ್ದಲಿಗೆ ಹಬ್ಬ. ಅದು ಗೋಡೆಯೊಳಗಿಂದಲೇ ಮಣ್ಣಿನ ದಾರಿ ಮಾಡಿಕೊಂಡು ಬಂದು ಜಂತೆಯ ಹೊಟ್ಟೆ ತಿಂದು ಮುಗಿಸುತ್ತದೆ, ಹೊರಗೆ ಬಣ್ಣ ಹಾಗೇ ಇರುತ್ತದೆ. ಗೊತ್ತಾಗುವುದು ಇಟ್ಟಿಗೆ ತಲೆ ಮೇಲೆ ಬಿದ್ದಾಗ. ಅದಕ್ಕೆ ಡಿ ಹ್ಯಾವಿಲೆಂಡ್ ಮೇಲ್ಛಾವಣಿಗೆ ಮರವೇ ಬೇಡ, ಪೂರ್ತಿ ಇಟ್ಟಿಗೆ ಸುಣ್ಣದ್ದೇ ಇರಲಿ ಎಂದು ನಿಶ್ಚಯಿಸಿದ. ಇಲ್ಲಿ ಅವನ ಪಟ್ಟಣದ ಕಮಾನು ಕೆಲಸಕ್ಕೆ ಬಂತು ಅನ್ನುವುದು ನನ್ನ ಲೆಕ್ಕ.

ಒಳಗಿನ ಗುಂಡು ಸುಮಾರು 80 ಅಡಿ ಅಗಲ. ಪಟ್ಟಣದಲ್ಲಿ ಇದಕ್ಕಿಂತ 30 ಅಡಿ ಜಾಸ್ತಿ ಹಾರಿಸಿದ್ದವನು ಅವನು. ಇಲ್ಲೂ ಗೋಡೆಯಿಂದ ಗೋಡೆಗೆ ಒಂದೇ ಗುಮ್ಮಟ ಮುಚ್ಚಬಹುದಿತ್ತು, ಸುಮ್ನೆ ಹೆಸರು ಮಾಡೋಕೆ. ಮುಚ್ಚಲಿಲ್ಲ. ಒಳಗೆ 16 ಕೊರಿಂಥಿಯನ್ ಕಂಬಗಳನ್ನು ಸುತ್ತಲೂ ನಿಲ್ಲಿಸಿ, ಅವುಗಳ ಮೇಲೆ ಬಳೆಯಂತೆ ಸುತ್ತು ಬರುವ ಕಮಾನು ಕಟ್ಟಿ, ಅದರ ಮೇಲೆ 50 ಅಡಿಗಿಂತ ಸ್ವಲ್ಪ ಹೆಚ್ಚಿನ ಅಗಲದ ತಗ್ಗು ಗುಮ್ಮಟ ಕೂರಿಸಿದ.

ಕಮಾನಿಗೆ ಎರಡೇ ತುದಿ. ತಳ್ಳು ಪೂರ್ತಿ ಆ ಎರಡು ಗೋಡೆಗಳ ಮೇಲೆ. ಒಂದು ಸೋತರೆ ಕಥೆ ಮುಗಿಯಿತು. ಗುಮ್ಮಟಕ್ಕೆ ತುದಿ ಅನ್ನುವುದೇ ಇಲ್ಲ, ತಳ್ಳು ಸುತ್ತಲೂ ಹಂಚಿಹೋಗುತ್ತದೆ. ಎತ್ತಿನ ಗಾಡಿ ಚಕ್ರದ ಅರೆಕಾಲುಗಳನ್ನು ಸುತ್ತಲಿನ ಕಬ್ಬಿಣದ ಪಟ್ಟಿ ಬಿಗಿಹಿಡಿಯುವ ಹಾಗೆ ಇಲ್ಲಿ ಸುತ್ತು ಕಮಾನು, ಅದರಾಚೆಯ ಗುಂಡು ಗೋಡೆ ಸೇರಿ ಗುಮ್ಮಟವನ್ನು ಹಿಡಿದಿವೆ. ಪಟ್ಟಣದಲ್ಲಿ ನೇರವಾಗಿ ಎಳೆದಿದ್ದ ಕಮಾನನ್ನು ಮದ್ರಾಸಿನಲ್ಲಿ ತನ್ನ ಸುತ್ತಲೇ ತಿರುಗಿಸಿಬಿಟ್ಟ ಅನ್ನಬಹುದು.

ಅಷ್ಟಕ್ಕೇ ಬಿಡಲಿಲ್ಲ. ತಳ್ಳು ಕಮ್ಮಿಯಾಗಬೇಕಾದರೆ ತೂಕ ಕಮ್ಮಿಯಾಗಬೇಕು. ಗುಮ್ಮಟದ ಹೊಟ್ಟೆಗೆ ಅವನು ತುಂಬಿಸಿದ್ದು ಸುಟ್ಟ ಮಣ್ಣಿನ ಶಂಕುಗಳನ್ನು, ಕುಂಬಾರರ ಚಕ್ರದಿಂದ ಬಂದ ಮಾಲು. ಇಟಲಿಯ ರವೆನ್ನಾದಲ್ಲಿ 6ನೇ ಶತಮಾನದ ಸಾನ್ ವಿಟಾಲೆ ಚರ್ಚಿನ ಗುಮ್ಮಟಕ್ಕೂ ಟೊಳ್ಳು ಮಣ್ಣಿನ ಕೊಳವೆ ಹಾಕಿದ್ದಾರೆ. ಉಪಾಯ ಹಳೆಯದು. ಹೊಸದೇನೆಂದರೆ ಗೆದ್ದಲು, ಮೆತ್ತನೆ ನೆಲ, ಅಗಲವಾದ ಸೂರು ಮೂರಕ್ಕೂ ಒಂದೇ ಉತ್ತರ ಸಿಕ್ಕಿದ್ದು. ಬುನಾದಿಯಲ್ಲೂ ಸುಟ್ಟ ಮಣ್ಣು, ನೆತ್ತಿಯಲ್ಲೂ ಸುಟ್ಟ ಮಣ್ಣು.

ಗುಮ್ಮಟದ ಒಳಮೈಗೆ ಕಡು ನೀಲಿ ಬಣ್ಣ, ಅದರಲ್ಲಿ ಬಂಗಾರದ ನಕ್ಷತ್ರ. ಕೆಳಗೆ ಕಪ್ಪು ಬಿಳುಪು ಚೌಕಗಳ ನೆಲ. ಮಧ್ಯಾಹ್ನದ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಬೆಳದಿಂಗಳಿಗೆ ಬಂದಂತಾಗುತ್ತದೆ. ಸಾಮಾನ್ಯವಾಗಿ ಪ್ರೆಸ್ಬಿಟೇರಿಯನ್ನರು ಅಲಂಕಾರದ ವಿಷಯದಲ್ಲಿ ಬಿಗಿ ಕೈ. ಇಲ್ಲಿ ಮಾತ್ರ ಯಾರೋ ಕೈ ಸಡಿಲ ಬಿಟ್ಟಿದ್ದಾರೆ. ಹೊರಮೈಗೆ ಮದ್ರಾಸ್ ಸುಣ್ಣ. ನಮ್ಮ ಕಡೆ ಸುಣ್ಣದ ಕಲ್ಲು ಸುಡುತ್ತಾರೆ, ಅಲ್ಲಿ ಸಮುದ್ರದ ಚಿಪ್ಪು ಸುಟ್ಟು ನುಣ್ಣಗೆ ಅರೆದು ಬಳಿದು, ಅಮೃತಶಿಲೆಯಂತೆ ಹೊಳೆಯುವವರೆಗೆ ಉಜ್ಜುತ್ತಾರೆ.

1821ರ ಫೆಬ್ರವರಿ 25ರಂದು ಚರ್ಚು ಆರಾಧನೆಗೆ ತೆರೆಯಿತು. ಆಗ ಮದ್ರಾಸಿನ ಗವರ್ನರ್ ಅದೇ ಥಾಮಸ್ ಮನ್ರೋ, ಗ್ಲಾಸ್ಗೋದವನು. ಈಗ ಅಲ್ಲಿರುವ ಪೈಪ್ ಆರ್ಗನ್ ಬಂದದ್ದು 1883ರಲ್ಲಿ. ಅದರ ಮಾತು ಬೇರೆಯೇ ಆಗುತ್ತದೆ, ಬಿಡಿ.

ಆಮೇಲೆ

ಮೈಸೂರು, ಮಂಡ್ಯದಲ್ಲಿ ಇಂಥದ್ದೊಂದು ಕರ್ಕ್ ಯಾಕೆ ಆಗಲಿಲ್ಲ? ಪಟ್ಟಣದ ಜ್ವರ ತಾಳಲಾರದೆ 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ದಂಡಿನ ಹಿಂದೆ ಸ್ಕಾಟರೂ ಹೋದರು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ 1860ರ ದಶಕದ್ದು. ಮೈಸೂರಿನಲ್ಲಿ ಕೆಲಸ ಮಾಡಿದವರು ಹೆಚ್ಚಾಗಿ ವೆಸ್ಲಿಯನ್ ಮೆಥಡಿಸ್ಟ್ ಅನ್ನುವ ಇನ್ನೊಂದು ಪಂಗಡದವರು. ದಕ್ಷಿಣದ ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಪಂಗಡದವರು 1908ರಲ್ಲಿ ಒಂದಾದರು. ಅವರ ಜೊತೆ ಆಂಗ್ಲಿಕನ್ನರು, ಮೆಥಡಿಸ್ಟರು ಸೇರಿ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ಹುಂಜ ಕೂಗಿಸುತ್ತೇನೆ ಅಂದವರ ಕಡೆಯವರೂ ಬಿಷಪ್ಪರ ಕಡೆಯವರೂ ಈಗ ಒಂದೇ ಸಭೆ. ಎಗ್ಮೋರ್‌ನ ಕರ್ಕ್ ಕೂಡ ಇಂದು ಸಿ.ಎಸ್.ಐ. ಚರ್ಚು.

ನಮ್ಮ ಮನೆಯ ವಿಷಯಕ್ಕೆ ಬಂದರೆ, ಸೂರು ಪೂರ್ತಿ ಕಿತ್ತು ಆರ್‌ಸಿಸಿ ಹಾಕಿಸಿ ಅಂದವರೇ ಜಾಸ್ತಿ. ಮೇಸ್ತ್ರಿ ಒಪ್ಪಲಿಲ್ಲ. ಎರಡು ಜಂತೆ ತೆಗೆದು ಸಾಗುವಾನಿ ಹಾಕಿಸಿದರು. ಗೋಡೆಯೊಳಗೆ ಹೋಗುವ ತುದಿಗೆ ಗಾಳಿಯಾಡಲು ಜಾಗ ಬಿಟ್ಟರು. ಸಿಮೆಂಟ್ ಮುಟ್ಟಲು ಬಿಡಲಿಲ್ಲ. ಸುಣ್ಣದ ಗೋಡೆ ಉಸಿರಾಡುತ್ತದೆ, ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ, ತೇವ ಇದ್ದ ಕಡೆ ಗೆದ್ದಲು ಮತ್ತೆ ಬರುತ್ತದೆ. ಸುಣ್ಣ ಅರೆಸಿ, ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸಿ ಗಾರೆ ಮಾಡಿಸಿದರು. ಹನ್ನೊಂದು ದಿನ ಹಿಡಿಯಿತು.

ಕೊನೆಯ ದಿನ ಕಾಫಿ ಕುಡಿಯುವಾಗ ಕರ್ಕ್‌ನ ಒಳಗಿನ ಫೋಟೋವನ್ನು ಫೋನಿನಲ್ಲಿ ತೋರಿಸಿದೆ. ಪಟ್ಟಣದ ಕಮಾನು ಕಟ್ಟಿದ ದೊರೆಯೇ ಕಟ್ಟಿದ್ದು ಮೇಸ್ತ್ರಿ, ಅಂದೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿನಲ್ಲಿ ಚಿತ್ರ ದೊಡ್ಡದು ಮಾಡಿ, ಗುಮ್ಮಟ ಬಿಟ್ಟು ಕಂಬಗಳನ್ನು ಎಣಿಸತೊಡಗಿದರು.

"ಪಟ್ಟಣದಾಗೆ ಒಂದೂ ಕಂಬ ಇಕ್ಕಿರ್ಲಿಲ್ವಲ್ಲ ಸಾ. ಇಲ್ಲಿ ಇಷ್ಟೊಂದು ಇಕ್ಕವ್ನೆ?"

ಅವನಿಗೆ ಆಗ 33, ಇದನ್ನು ಶುರು ಮಾಡಿದಾಗ 43 ಅಂದೆ.

"ಅಂಗಾರೆ ಸರಿ" ಅಂತ ಫೋನು ವಾಪಸ್ ಕೊಟ್ಟು, ಕಾಫಿ ಲೋಟ ತೊಳೆಯಲು ನಲ್ಲಿ ಕಡೆ ಹೋದರು.